ಛಾವಣಿ ಮೇಲೆ ಸತ್ತ ಸೋಲಾರ್, ಬಾತ್‌ರೂಮಿನಲ್ಲಿ ಎರಡು ಗೀಸರ್: ಬಿಸಿನೀರಿಗೆ ಈಗ ಏನು ಮಾಡೋಣ?

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ 30x40 ಸೈಟಿನ ಎರಡು ಅಂತಸ್ತಿನ ಮನೆ. ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು, ಮಾವ, ಒಟ್ಟು ಐದು ಜನ. 2012ರಲ್ಲಿ ಮನೆ ಕಟ್ಟಿಸುವಾಗ ಸೋಲಾರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಕೊಡಲ್ಲ ಅಂದರು, ಅದಕ್ಕೆ 200 ಲೀಟರಿನದ್ದು ಹಾಕಿಸಿದೆವು. ಗಾಜು ಹೊದಿಸಿದ ಪ್ಯಾನೆಲ್ ಇರುವಂಥದ್ದು. ನಾಲ್ಕು ವರ್ಷ ಚೆನ್ನಾಗಿತ್ತು. ಆಮೇಲೆ ನೀರು ಬರಬರುತ್ತಾ ಉಗುರುಬೆಚ್ಚಗಾಗಿ, ಈಗ ಏಳೆಂಟು ವರ್ಷದಿಂದ ಪಾರಿವಾಳ ಕೂರುವುದಕ್ಕಷ್ಟೇ ಉಪಯೋಗ. 25 ಲೀಟರಿನ ಎರಡು ಗೀಸರ್‌ಗಳಲ್ಲಿ ಕಾಲ ಹಾಕುತ್ತಿದ್ದೇವೆ. ಗೃಹಜ್ಯೋತಿಯಲ್ಲಿ ನಮಗೆ 185 ಯೂನಿಟ್ ಸಿಗುತ್ತದೆ. ಬೇರೆ ತಿಂಗಳುಗಳಲ್ಲಿ ಬಿಲ್ ಸೊನ್ನೆ, ಆದರೆ ನವೆಂಬರಿನಿಂದ ಫೆಬ್ರವರಿವರೆಗೆ 225-230 ಯೂನಿಟ್ ಆಗಿ ಎರಡು ಸಾವಿರದ ಹತ್ತಿರ ಕಟ್ಟುತ್ತೇವೆ. ಅಂಗಡಿಯವರು ಹೀಟ್ ಪಂಪ್ ಹಾಕಿಸಿ ಅನ್ನುತ್ತಾರೆ, ನಮ್ಮ ಯಜಮಾನರು ಇನ್‌ಸ್ಟಂಟ್ ಗೀಸರ್ ಸಾಕು ಅನ್ನುತ್ತಾರೆ, ಮಾವ ಹಿತ್ತಲಲ್ಲಿ ಹಂಡೆ ಒಲೆ ಹಾಕಿಸಿ ಅಂತ ಹಟ ಹಿಡಿದಿದ್ದಾರೆ. ಮನೆಗೆ ಬೋರ್‌ವೆಲ್ ನೀರು. ಯಾವುದು ಸರಿ?

ಉತ್ತರ: ಹೊಸದಾಗಿ ಏನು ಕೊಳ್ಳಬೇಕು ಅನ್ನುವುದನ್ನು ಒಂದು ವಾರ ಪಕ್ಕಕ್ಕಿಡಿ. ಛಾವಣಿ ಮೇಲಿರುವುದು ಯಾಕೆ ಸತ್ತಿತು ಅಂತ ತಿಳಿಯದೆ ಅದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿದರೆ, ನಾಲ್ಕು ವರ್ಷದ ಮೇಲೆ ನೀವು ನನಗೆ ಇದೇ ಪತ್ರ ಮತ್ತೆ ಬರೆಯುತ್ತೀರಿ.

ಕಾರಣ ಏನಿರಬಹುದು ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಎರಡು ಸುಳಿವಿವೆ: ಬೋರ್‌ವೆಲ್ ನೀರು, ಮತ್ತು 'ಬರಬರುತ್ತಾ' ಅನ್ನುವ ಮಾತು. ಒಮ್ಮೆಗೇ ಕೆಟ್ಟಿದ್ದರೆ ಟ್ಯಾಂಕ್ ತೂತಾಗಿದೆ ಅಂತಲೋ ಪೈಪಿನಲ್ಲಿ ಗಾಳಿ ಕಟ್ಟಿದೆ ಅಂತಲೋ ಅನುಮಾನ ಪಡಬಹುದಿತ್ತು. ನಿಧಾನವಾಗಿ ಕೆಟ್ಟಿದ್ದರೆ ಹತ್ತರಲ್ಲಿ ಎಂಟು ಸಲ ಅದು ಸುಣ್ಣ. ನಮ್ಮ ಬಯಲುಸೀಮೆಯ ಬೋರ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ನೀರು ಕಾದಂತೆಲ್ಲ ಬೇರೆಯಾಗಿ ಬಿಳಿ ಹಕ್ಕಳೆಯಾಗಿ ಕೂರುತ್ತದೆ. ನೀರು ಕಾಯಿಸಿ ಕಾಯಿಸಿ ಪಾತ್ರೆಯ ತಳದಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಅದೇ. ಪಾತ್ರೆಯನ್ನಾದರೆ ಹುಣಸೆಹುಳಿ ಹಾಕಿ ಉಜ್ಜಬಹುದು. ಗಾಜಿನ ಪ್ಯಾನೆಲ್ಲಿನ ಒಳಗಿರುವುದು ಅರ್ಧ ಇಂಚಿನ ತಾಮ್ರದ ಕೊಳವೆಗಳು. ಬಿಸಿಯಾದ ನೀರು ಹಗುರಾಗಿ ತಾನಾಗಿಯೇ ಮೇಲೇರಿ ಟ್ಯಾಂಕಿಗೆ ಹೋಗುತ್ತದೆ, ತಣ್ಣೀರು ಕೆಳಗಿನಿಂದ ಒಳಗೆ ಬರುತ್ತದೆ. ಪಂಪಿಲ್ಲ, ಮೋಟರಿಲ್ಲ, ಈ ನಾಜೂಕಾದ ಹರಿವಿನ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಕೊಳವೆಯ ಒಳಗೋಡೆಗೆ ಎರಡು ಮಿಲಿಮೀಟರ್ ಸುಣ್ಣ ಕಟ್ಟಿದರೆ ಸಾಕು, ಹರಿವು ಸೊರಗುತ್ತದೆ.

ಇದನ್ನು ನೀವೇ ನೋಡಿಕೊಳ್ಳಬಹುದು. ಬಿಸಿಲಿರುವ ದಿನ ಮಧ್ಯಾಹ್ನ ಎರಡು ಗಂಟೆಗೆ ಮೇಲೆ ಹೋಗಿ. ಪ್ಯಾನೆಲ್ಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಬೆರಳ ತುದಿಯಿಂದ ಸೋಕಿ ನೋಡಿ. ಆರೋಗ್ಯವಾಗಿರುವ ಸೋಲಾರಿನಲ್ಲಿ ಅದು ಮುಟ್ಟಿದ ಕೂಡಲೇ ಕೈ ಕಿತ್ತುಕೊಳ್ಳುವಷ್ಟು ಬಿಸಿ ಇರುತ್ತದೆ, ಕೆಳಗಿನ ಪೈಪು ತಣ್ಣಗಿರುತ್ತದೆ. ಗಾಜು ಸುಡುತ್ತಿದೆ, ಮೇಲಿನ ಪೈಪು ಮಾತ್ರ ಬರೀ ಬೆಚ್ಚಗಿದೆ ಅಂದರೆ ಕೊಳವೆ ಕಟ್ಟಿದೆ ಅಂತ ಅರ್ಥ. ಆಮೇಲೆ ಪ್ಯಾನೆಲ್ಲಿನ ಕೆಳಮೂಲೆಯಲ್ಲಿರುವ ಡ್ರೈನ್ ಪ್ಲಗ್ಗನ್ನು ಪ್ಲಂಬರ್ ಕೈಲಿ ಬಿಚ್ಚಿಸಿ. ಬೆಳಿಗ್ಗೆ ಬಿಚ್ಚಿಸಿ, ಮಧ್ಯಾಹ್ನ ಬೇಡ, ಒಳಗಿನ ನೀರು ಮೈಮೇಲೆ ಬಿದ್ದೀತು. ನೀರಿನ ಜೊತೆ ಬಿಳಿ ಚಕ್ಕೆಗಳು ಬಿದ್ದರೆ ಅನುಮಾನವೇ ಬೇಡ.

ಅರೆಬರೆ ಕಟ್ಟಿದ್ದರೆ ಸರ್ವಿಸಿನವರು ಸಣ್ಣ ಪಂಪಿಟ್ಟು ತೆಳುವಾದ ಆಸಿಡ್ ಓಡಿಸಿ ತೊಳೆಯುತ್ತಾರೆ. ಪೂರ್ತಿ ಕಟ್ಟಿದ್ದರೆ ಆಸಿಡ್ಡಿಗೂ ಒಳಗೆ ಹೋಗಲು ದಾರಿಯಿರುವುದಿಲ್ಲ. ಏಳೆಂಟು ವರ್ಷ ಸುಮ್ಮನೆ ನಿಂತಿದೆ ಅಂದಮೇಲೆ ನಿಮ್ಮದು ಎರಡನೆಯದೇ ಇರಬೇಕು. ಅಂದಹಾಗೆ, ಪ್ಯಾನೆಲ್ಲನ್ನು ಗುಜರಿಯವನಿಗೆ ಕಬ್ಬಿಣದ ರೇಟಿಗೆ ಕೊಟ್ಟುಬಿಡಬೇಡಿ. ಒಳಗಿರುವುದು ತಾಮ್ರ.

ಈಗ ಬಿಲ್ಲಿನ ವಿಚಾರ. ಇದನ್ನು ಅಂಗಡಿಯವರು ನಿಮಗೆ ಹೇಳುವುದಿಲ್ಲ.

ಬೋರ್ಡಿನ ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಚಳಿಗಾಲದಲ್ಲಿ ನಿಮ್ಮ ಟ್ಯಾಂಕಿನ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು, ಒಬ್ಬರಿಗೆ ಒಂದೂವರೆ ಬಕೆಟ್ ಅಂದರೆ 30 ಲೀಟರ್ ಅಂದುಕೊಳ್ಳಿ. 30ನ್ನು 20ರಿಂದ ಗುಣಿಸಿದರೆ 600, ಅಂದರೆ ಒಂದು ಸ್ನಾನಕ್ಕೆ 0.7 ಯೂನಿಟ್. ಐದು ಜನಕ್ಕೆ ದಿನಕ್ಕೆ ಮೂರೂವರೆ, ತಿಂಗಳಿಗೆ 105. ಗೀಸರ್ ಯಾವ ಕಂಪನಿಯದಾದರೂ, ಎಷ್ಟು ಸ್ಟಾರಿನದಾದರೂ ಈ 105 ತಪ್ಪಿದ್ದಲ್ಲ. ಇದು ನೀರಿನ ಲೆಕ್ಕ, ಯಂತ್ರದ್ದಲ್ಲ. ಇದರ ಮೇಲೆ ಸುಮ್ಮನೆ ಪೋಲಾಗುವುದು ಎಷ್ಟು ಅನ್ನುವುದಷ್ಟೇ ಗೀಸರಿಗೂ ನಿಮಗೂ ಬಿಟ್ಟದ್ದು.

ಎಲ್ಲಿ ಪೋಲಾಗುತ್ತದೆ? ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಬೆಳಿಗ್ಗೆ ಐದೂವರೆಗೆ ಎದ್ದವರು ಸ್ವಿಚ್ ಹಾಕುತ್ತಾರೆ, ಒಂಬತ್ತಕ್ಕೆ ಕೊನೆಯವರು ಸ್ನಾನ ಮುಗಿಸಿ ಬಂದಮೇಲೆ ಯಾರೋ ನೆನಪಿಸಿಕೊಂಡು ಆರಿಸುತ್ತಾರೆ. ಕೊನೆಯವರು ನೀರು ಹಿಡಿದಷ್ಟೂ ಗೀಸರಿಗೆ ತಣ್ಣೀರು ತುಂಬಿಕೊಳ್ಳುತ್ತದೆ, ಅದು ಪಾಪ ಮತ್ತೆ 70 ಡಿಗ್ರಿಗೆ ಕಾಯಿಸಿ ಇಡುತ್ತದೆ. ಯಾರಿಗಾಗಿ? ಯಾರಿಗೂ ಇಲ್ಲ. 25 ಲೀಟರನ್ನು 20ರಿಂದ 70ಕ್ಕೆ ಏರಿಸಲು ಒಂದೂಕಾಲಿಗಿಂತ ಹೆಚ್ಚು, ಸರಿಯಾಗಿ ಹೇಳಬೇಕೆಂದರೆ 1.45 ಯೂನಿಟ್ ಬೇಕು. ಮಾರನೇ ದಿನದ ಹೊತ್ತಿಗೆ ಅದರಲ್ಲಿ ಅರ್ಧವಷ್ಟೇ ಆರಿಹೋಗುತ್ತದೆ ಅಂತಿಟ್ಟುಕೊಂಡರೂ ಎರಡು ಗೀಸರ್ ಸೇರಿ ದಿನಕ್ಕೆ ಸುಮಾರು ಒಂದೂವರೆ ಯೂನಿಟ್, ತಿಂಗಳಿಗೆ 40ರ ಮೇಲೆ.

ಈ 40 ಯೂನಿಟ್ಟಿಗೆ ನಿಮ್ಮ ಮನೆಯಲ್ಲಿ ವಿಶೇಷ ಬೆಲೆಯಿದೆ. ಗೃಹಜ್ಯೋತಿಯ ನಿಯಮ ನಿಮಗೆ ಗೊತ್ತೇ ಇದೆ: ನಿಮ್ಮ ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ನೀವು 225ರಲ್ಲಿದ್ದೀರಿ. ಅಂದರೆ ಕೊನೆಯ 25 ಯೂನಿಟ್ಟಿಗೆ ಎರಡು ಸಾವಿರ ರೂಪಾಯಿ ಕೊಡುತ್ತಿದ್ದೀರಿ. ಆ 40 ಉಳಿದರೆ 185ಕ್ಕೆ ಬರುತ್ತೀರಿ, ಬಿಲ್ ಸೊನ್ನೆ. ಒಂದು ರೂಪಾಯಿಯ ಹೊಸ ಸಾಮಾನು ಕೊಳ್ಳದೆ.

ಹಾಗಾಗಿ ಈ ವಾರವೇ ಮಾಡಬೇಕಾದದ್ದು ಇಷ್ಟು. ಗೀಸರಿನ ಥರ್ಮೋಸ್ಟಾಟ್ ತಿರುಗಣಿಯನ್ನು 50ರ ಆಸುಪಾಸಿಗೆ ಇಳಿಸಿ. ಕೆಲವದರಲ್ಲಿ ಹೊರಗೇ ಇರುತ್ತದೆ, ಹಳೆಯವುಗಳಲ್ಲಿ ಕೆಳಗಿನ ಮುಚ್ಚಳ ಬಿಚ್ಚಬೇಕು, ಅದನ್ನು ಎಲೆಕ್ಟ್ರಿಷಿಯನ್ ಮಾಡಲಿ. 20ರಿಂದ 50ಕ್ಕೆ ಏರಲು ಎರಡು ಕಿಲೋವಾಟಿನ ಗೀಸರಿಗೆ 26 ನಿಮಿಷ ಸಾಕು, ಅರ್ಧ ಗಂಟೆ ಮುಂಚೆ ಹಾಕಿ. ಸ್ನಾನಗಳು ಒಂದರ ಹಿಂದೊಂದು ಆಗಲಿ, ಸಾಧ್ಯವಾದರೆ ಒಂದೇ ಗೀಸರಿನಲ್ಲಿ. ಕೊನೆಯವರು ಬಾತ್‌ರೂಮಿಗೆ ಹೋಗುವಾಗ ಸ್ವಿಚ್ ಆರಿಸಿ ಒಳಗೆ ಹೋಗಲಿ. ಈ ಒಂದು ಅಭ್ಯಾಸ ಐದು ಸ್ಟಾರಿನ ಲೇಬಲ್ಲಿಗಿಂತ ಹೆಚ್ಚು ಉಳಿಸುತ್ತದೆ. ಆ ಲೇಬಲ್ ಹೇಳುವುದು ಗೀಸರ್ ಇಡೀ ದಿನ ಆನ್ ಇದ್ದರೆ ಗೋಡೆಯಿಂದ ಎಷ್ಟು ಶಾಖ ಸೋರುತ್ತದೆ ಅನ್ನುವುದನ್ನು. ದಿನಕ್ಕೆ ಒಂದು ಗಂಟೆ ಹಾಕಿ ಆರಿಸುವ ಮನೆಯಲ್ಲಿ ಮೂರು ಸ್ಟಾರಿಗೂ ಐದು ಸ್ಟಾರಿಗೂ ಬಿಲ್ಲಿನಲ್ಲಿ ಕಾಣುವಷ್ಟು ವ್ಯತ್ಯಾಸ ಬರುವುದಿಲ್ಲ. 50ಕ್ಕೆ ಇಳಿಸುವುದರಲ್ಲಿ ಒಂದು ಎಚ್ಚರ: ಒಂದೆರಡು ವಾರ ಊರಿಗೆ ಹೋಗಿ ಬಂದಾಗ ಒಮ್ಮೆ 60ರ ಮೇಲೆ ಕಾಯಿಸಿ, ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

'ಕಾಯಿಲ್ ಮೇಲೆ ಸಾಲ್ಟ್ ಕಟ್ಟಿದೆ, ಅದಕ್ಕೇ ಕರೆಂಟು ಜಾಸ್ತಿ ಎಳೀತಿದೆ' ಅಂತ ಸರ್ವಿಸ್ ಹುಡುಗರು ಹೇಳುತ್ತಾರೆ. ಅರ್ಧ ನಿಜ. ಕಾಯಿಲ್ ನೀರಿನೊಳಗೇ ಮುಳುಗಿದೆ, ಅದರ ಶಾಖಕ್ಕೆ ನೀರಿಗೆ ಹೋಗದೆ ಬೇರೆ ದಾರಿಯಿಲ್ಲ. ಸುಣ್ಣ ಕಟ್ಟಿದರೆ ಕಾಯಿಲ್ ಒಳಗೊಳಗೇ ಕೆಂಡವಾಗಿ ಬೇಗ ಸುಟ್ಟುಹೋಗುತ್ತದೆ, ತಳದಲ್ಲಿ ಚಕ್ಕೆ ತುಂಬಿ 25 ಲೀಟರಿನ ಗೀಸರ್ 20 ಲೀಟರಿನದಾಗುತ್ತದೆ. ಯೂನಿಟ್ ಅಷ್ಟೇನೂ ಹೆಚ್ಚುವುದಿಲ್ಲ. ವರ್ಷಕ್ಕೊಮ್ಮೆ ತೊಳೆಸಿ, ಒಳಗಿನ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಬದಲಿಸಿ, ಟ್ಯಾಂಕ್ ತುಕ್ಕು ಹಿಡಿಯದೆ ಬಾಳುತ್ತದೆ. ಬಿಲ್ ಇಳಿಯಲಿ ಅಂತ ತೊಳೆಸಬೇಡಿ.

ಇಷ್ಟರಿಂದ ಬಿಲ್ ಸೊನ್ನೆಯಾದರೆ ಸೋಲಾರ್ ಯಾಕೆ ಅಂತ ಕೇಳುತ್ತೀರಿ. ಪ್ರಾಮಾಣಿಕವಾಗಿ ಹೇಳುವುದಾದರೆ, ಬರೀ ನಿಮ್ಮ ಜೇಬಿನ ಲೆಕ್ಕದಲ್ಲಿ ಸೋಲಾರ್ ಈಗ ಮುಂಚಿನಷ್ಟು ಬೇಗ ದುಡ್ಡು ಮರಳಿ ಕೊಡುವುದಿಲ್ಲ. ಉಳಿದ ಎಂಟು ತಿಂಗಳು ಹೇಗೂ ನೀವು ಏನೂ ಕಟ್ಟುತ್ತಿಲ್ಲ, ಸೊನ್ನೆಯಿಂದ ಇನ್ನೇನು ಉಳಿಸುವುದು? ಚಳಿಗಾಲದ ನಾಲ್ಕು ತಿಂಗಳಿಗೆ ಎಂಟು ಸಾವಿರ ಉಳಿಯಬಹುದು, ಅದನ್ನೂ ಸ್ವಿಚ್ ಶಿಸ್ತಿನಿಂದಲೇ ಉಳಿಸಬಹುದು. ಆದರೂ ನಾನು ಹಾಕಿಸಿ ಅನ್ನುತ್ತೇನೆ. ಐದು ಜನರ ಶಿಸ್ತು ವರ್ಷಪೂರ್ತಿ ನಿಲ್ಲುತ್ತದೆ ಅಂತ ನನಗೆ ನಂಬಿಕೆಯಿಲ್ಲ, ಮೊದಲನೇ ಕಾರಣ ಅದು. ಏಳೆಂಟು ವರ್ಷ ದುಡಿದ ಗೀಸರುಗಳು ಇವತ್ತಲ್ಲ ನಾಳೆ ಕೈಕೊಡುತ್ತವೆ, ಆಗ ಹೇಗೂ ಇಪ್ಪತ್ತು ಸಾವಿರದವರೆಗೆ ಖರ್ಚಿದೆ. ಮತ್ತೆ, ಸೋಲಾರಿಗೆ ಬೇಕಾದ ಅರ್ಧ ಕೆಲಸ ನಿಮ್ಮ ಮನೆಯಲ್ಲಿ ಆಗಲೇ ಆಗಿದೆ: ಕಟ್ಟೆ ಇದೆ, ಬಿಸಿನೀರಿನ ಪೈಪು ಬಾತ್‌ರೂಮುಗಳಿಗೆ ಇಳಿದಿದೆ. ಪೈಪಿಗಾಗಿ ಗೋಡೆ ಒಡೆಯಬೇಕಾದ ಮನೆಯವರಿಗೆ ನಾನು ಈ ಸಲಹೆ ಕೊಡುತ್ತಿರಲಿಲ್ಲ.

ಯಾವ ಸೋಲಾರ್? ಬೋರ್ ನೀರಿಗೆ ಗಾಜಿನ ಕೊಳವೆಯದ್ದು, ಅಂದರೆ ಟ್ಯೂಬ್ ಸೋಲಾರ್. ಅದಕ್ಕೆ ಮುಂಚೆ ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, 'ಹಾರ್ಡ್‌ನೆಸ್ ಎಷ್ಟು' ಅಂತ ಕೇಳಿ. ಫಿಲ್ಟರ್ ಮಾರುವವರು ಕಿಸೆಯಿಂದ ತೆಗೆಯುವ ಟಿಡಿಎಸ್ ಪೆನ್ನು ಅದನ್ನು ಅಳೆಯುವುದಿಲ್ಲ, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಅಂತಿದೆ. ನಿಮ್ಮದು 200ರ ಒಳಗೆ ಬಂದರೆ, ಅಥವಾ ನಗರದ ಹೇಮಾವತಿ ನೀರನ್ನು ಸೋಲಾರಿಗೆ ಪ್ರತ್ಯೇಕ ಸಣ್ಣ ಟ್ಯಾಂಕಿನಿಂದ ಕೊಡಲು ಆದರೆ, ತಾಮ್ರದ ಪ್ಯಾನೆಲ್ಲೇ ಒಳ್ಳೆಯದು, ಅದರಷ್ಟು ಬಾಳಿಕೆ ಇನ್ನೊಂದಕ್ಕಿಲ್ಲ. ಇಲ್ಲದಿದ್ದರೆ ಟ್ಯೂಬು. 58 ಮಿಲಿಮೀಟರ್ ಅಗಲದ ಕೊಳವೆಯಲ್ಲೂ ಸುಣ್ಣ ಕೂರುತ್ತದೆ, ಆದರೆ ಹರಿವು ನಿಲ್ಲುವಷ್ಟಲ್ಲ. ವರ್ಷಕ್ಕೊಮ್ಮೆ ಕಳಚಿ, ಬುಡದಲ್ಲಿ ಶೇಖರವಾದ ಬಿಳಿ ಪುಡಿಯನ್ನು ಕೊಡವಿ ಹಾಕಬಹುದು. ಒಂದು ಟ್ಯೂಬ್ ಒಡೆದರೆ ಅದೊಂದನ್ನೇ ಬದಲಿಸಬಹುದು. ಯಾವ ಟ್ಯೂಬ್ ಸತ್ತಿದೆ ಅಂತ ಗೊತ್ತಾಗಬೇಕೇ? ತಳದ ತುದಿ ಕನ್ನಡಿಯಂತೆ ಬೆಳ್ಳಿಬಣ್ಣ ಇದ್ದರೆ ಒಳಗಿನ ನಿರ್ವಾತ ಸರಿಯಾಗಿದೆ, ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ. ನಿಮ್ಮ ಕಡೆ ಕೋತಿಗಳ ಕಾಟ ಇದ್ದರೆ ಮೇಲೆ ಅಗಲ ಕಣ್ಣಿನ ಜಾಲರಿ ಹಾಕಿಸಿ. ಪಕ್ಕದ ಮನೆಯ ತೆಂಗಿನಮರದ ವಿಚಾರ ನೀವೇ ನೋಡಿಕೊಳ್ಳಬೇಕು.

ಐದು ಜನಕ್ಕೆ 200 ಲೀಟರ್ ಸರಿ. 300 ಅಂತ ಹೇಳುತ್ತಾರೆ, ಬೇಡ. 60 ಡಿಗ್ರಿ ನೀರನ್ನು ಅಷ್ಟೇ ತಣ್ಣೀರಿನೊಂದಿಗೆ ಬೆರೆಸಿದರೆ ಸ್ನಾನದ ನೀರು, ಅಂದರೆ ಒಬ್ಬರಿಗೆ ಬೇಕಾದದ್ದು 15 ಲೀಟರ್ ಬಿಸಿನೀರು. ಐದು ಜನಕ್ಕೆ 75. ಪಾತ್ರೆ ತೊಳೆಯುವುದು, ಪೈಪಿನಲ್ಲಿ ಉಳಿಯುವುದು ಸೇರಿಸಿದರೂ 120 ದಾಟದು. ಮೋಡದ ದಿನ ನೀರು 45ರವರೆಗಷ್ಟೇ ಕಾಯುತ್ತದೆ, ಆಗ ಹೆಚ್ಚು ಹಿಡಿಯಬೇಕಾಗುತ್ತದೆ ಅನ್ನುವುದಕ್ಕೆ 200. ಹಳೆಯ ಕಟ್ಟೆಯ ಮೇಲೇ ಕೂರಿಸಿದರೆ ಮೂವತ್ತು-ಮೂವತ್ತೈದು ಸಾವಿರದಲ್ಲಿ ಮುಗಿಯಬೇಕು. ಮುಖ ದಕ್ಷಿಣಕ್ಕೆ, ಇಳಿಜಾರು 25ರಿಂದ 30 ಡಿಗ್ರಿ. ತುಮಕೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಬಿಸಿನೀರು ಹೆಚ್ಚು ಬೇಕಾಗುವ ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅದಕ್ಕೆ ಸ್ವಲ್ಪ ಹೆಚ್ಚೇ ಎತ್ತಿರಬೇಕು. 2012ರಲ್ಲಿ ನಿಮ್ಮ ದಕ್ಷಿಣಕ್ಕೆ ಖಾಲಿ ಸೈಟಿದ್ದು ಈಗ ಮೂರಂತಸ್ತು ಎದ್ದಿದ್ದರೆ ಡಿಸೆಂಬರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಮೇಲೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿ ಆಮೇಲೆ ಮುಂಗಡ ಕೊಡಿ.

ಕೂರಿಸುವ ದಿನ ನೀವು ಮೇಲೆಯೇ ನಿಂತಿರಿ. ನೋಡಬೇಕಾದ್ದು ಎರಡು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಅದು ಪೂರ್ತಿ ತುಂಬುವುದೇ ಇಲ್ಲ. ಗಾಳಿ ಹೋಗುವ ವೆಂಟ್ ಪೈಪು ತಣ್ಣೀರಿನ ಟ್ಯಾಂಕಿನ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ಹೋಗಿರಬೇಕು. ಮೊದಲ ಸಲ ನೀರು ತುಂಬುವುದು ಸೂರ್ಯ ಹುಟ್ಟುವ ಮುಂಚೆ ಆಗಲಿ. ಬಿಸಿಲಲ್ಲಿ ಒಣಗಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಪಟ್ ಅಂತ ಸೀಳುತ್ತದೆ. ಟ್ಯಾಂಕಿನಿಂದ ಹೊರಡುವ ಮೊದಲ ಕೆಲವು ಅಡಿ ಜಿಐ ಪೈಪಿರಲಿ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ನೇರವಾಗಿ ಪ್ಲಾಸ್ಟಿಕ್ ಪೈಪು ಸೇರಿಸಬೇಡಿ.

ಪೈಪಿನ ಮಾತು ಬಂತು. ಬಿಸಿನೀರು ಕಾಯುವುದು ಮೇಲೆ, ಬೇಕಾಗಿರುವುದು ಕೆಳಗೆ, ಕಳೆದುಹೋಗುವುದು ನಡುವೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಲ್ಲುತ್ತದೆ. ನಿಮ್ಮ ಕೆಳಗಿನ ಬಾತ್‌ರೂಮಿಗೆ ಛಾವಣಿಯಿಂದ 18 ಮೀಟರ್ ಇದ್ದರೆ ನಾಲ್ಕೂವರೆ ಲೀಟರ್. ಒಬ್ಬರು ಆರಕ್ಕೆ, ಒಬ್ಬರು ಏಳಕ್ಕೆ, ಒಬ್ಬರು ಎಂಟೂವರೆಗೆ ಹೋದರೆ ಪ್ರತಿ ಸಲವೂ ಅಷ್ಟು ಬಿಸಿನೀರು ಪೈಪಿನಲ್ಲೇ ಆರುತ್ತದೆ. ಬಿಸಿ ಬರುವವರೆಗೂ ನಲ್ಲಿ ಬಿಟ್ಟು ಮೋರಿಗೆ ಹರಿಸುವವರಿದ್ದಾರೆ. ಆ ತಣ್ಣೀರನ್ನು ಬಕೆಟ್ಟಿಗೇ ಹಿಡಿಯಿರಿ, ಹೇಗೂ ಬೆರೆಸುವುದಕ್ಕೆ ತಣ್ಣೀರು ಬೇಕಲ್ಲ. ಷವರಿನ ಮನೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಬಕೆಟ್ ತಂಬಿಗೆಯ ಮನೆಯಲ್ಲಿ ನಡೆಯುತ್ತದೆ. ಛಾವಣಿ ಮೇಲೆ ಬಯಲಲ್ಲಿ ಹೋಗುವ ಪೈಪಿಗೆ ಕಪ್ಪು ಫೋಮ್ ತೋಳು ಹಾಕಿಸಿ, ಅದರ ಮೇಲೆ ಇನ್ನೊಂದು ದಪ್ಪ ಪಿವಿಸಿ ಪೈಪು ತೊಡಿಸಿ. ಬರೀ ಫೋಮನ್ನು ಬಿಸಿಲು ಪುಡಿ ಮಾಡುತ್ತದೆ, ಉಳಿದದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಒಂದು ಚಳಿಗಾಲ ಸಂಜೆ ಐದಕ್ಕೆ ಕೈ ಸುಡುತ್ತಿದ್ದ ಸೋಲಾರ್ ನೀರು ಬೆಳಗಿನ ಆರಕ್ಕೆ ಸಪ್ಪಗಾಗುತ್ತಿತ್ತು. ಟ್ಯಾಂಕಿನ ಪಫ್, ಅಂದರೆ ಶಾಖ ಹಿಡಿದಿಡುವ ಫೋಮ್ ಹೊದಿಕೆ, ಹೋಗಿದೆ, ಹೊಸ ಟ್ಯಾಂಕ್ ಹಾಕಿಸಿ ಅಂತ ಸರ್ವಿಸಿಗೆ ಬಂದವರು ಹೇಳಿ ಹೋದರು. ದುಡ್ಡು ಕೊಡುವ ಮುಂಚೆ ಒಂದು ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಮೇಲೆ ಹೋದೆ. ಬಿಸಿನೀರಿನ ಪೈಪು ಬೆಚ್ಚಗಿತ್ತು. ಮನೆಯಲ್ಲಿ ಎಲ್ಲ ಮಲಗಿದ್ದಾರೆ, ನಲ್ಲಿ ಯಾವುದೂ ಬಿಟ್ಟಿಲ್ಲ, ಪೈಪು ಯಾಕೆ ಬೆಚ್ಚಗಿರಬೇಕು? ಪಕ್ಕದ ತಣ್ಣೀರಿನ ಪೈಪು ಮುಟ್ಟಿದೆ, ಅದೂ ಬೆಚ್ಚಗೆ. ಅಲ್ಲಿಂದ ಕೈಯಿಂದಲೇ ಪೈಪು ಸವರುತ್ತಾ ಕೆಳಗಿಳಿದು ಕೊನೆಗೆ ಅತಿಥಿಗಳ ಬಾತ್‌ರೂಮಿಗೆ ಬಂದು ನಿಂತೆ. ಅಲ್ಲಿನ ಮಿಕ್ಸರಿನಲ್ಲಿ ಬಿಸಿ, ತಣ್ಣೀರು ಎರಡೂ ತಿರುಗಣಿ ತೆರೆದಿದ್ದವು, ತುದಿಯ ಕೈಷವರ್ ಮಾತ್ರ ಮುಚ್ಚಿತ್ತು. ಹೊರಗೆ ಒಂದು ಹನಿ ಬೀಳುತ್ತಿರಲಿಲ್ಲ, ಆದರೆ ಮಿಕ್ಸರಿನ ಹೊಟ್ಟೆಯೊಳಗೇ ಬಿಸಿನೀರು ತಣ್ಣೀರಿನ ಪೈಪಿಗೆ ದಾಟಿ ಇಡೀ ರಾತ್ರಿ ಮೇಲಕ್ಕೆ ಹೋಗುತ್ತಿತ್ತು. ಹಬ್ಬಕ್ಕೆ ಬಂದ ನೆಂಟರು ಬಿಟ್ಟು ಹೋಗಿದ್ದು. ಎರಡು ತಿರುಗಣಿ ಮುಚ್ಚಿದೆ, ಮಾರನೇ ಬೆಳಿಗ್ಗೆ ನೀರು ಸುಡುಸುಡು. ನಿಮ್ಮ ಬಾತ್‌ರೂಮುಗಳ ಮಿಕ್ಸರುಗಳನ್ನು ಈ ಕಣ್ಣಿಂದ ನೋಡಿ, ಮಿಕ್ಸರಿಗೆ ಬರುವ ತಣ್ಣೀರಿನ ಲೈನಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವನ್ನೂ ಹಾಕಿಸಿ.

ಮೋಡದ ದಿನಕ್ಕೆ ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಇಟ್ಟುಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. 200 ಲೀಟರನ್ನು 20 ಡಿಗ್ರಿ ಏರಿಸಲು 4.65 ಯೂನಿಟ್ ಬೇಕು, ಆ ದಿನ ಮನೆಯಲ್ಲಿರುವುದು ಇಬ್ಬರೇ ಆದರೂ. ಅದರ ಬದಲು ಇರುವ ಗೀಸರುಗಳಲ್ಲಿ ಗಟ್ಟಿಯಾಗಿರುವ ಒಂದನ್ನು ಬೇರೆ ವಾಲ್ವಿಟ್ಟು ಉಳಿಸಿಕೊಳ್ಳಿ. ನಿಮ್ಮ ಕಡೆ ಮಳೆ ಜೋರಾಗುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೆಲವು ದಿನ ಅದು ಬೇಕಾಗುತ್ತದೆ.

ಹೀಟ್ ಪಂಪ್ ಬಗ್ಗೆ ಅಂಗಡಿಯವರು ಸುಳ್ಳು ಹೇಳಿಲ್ಲ. ಅದು ಫ್ರಿಜ್ಜಿನ ತಿರುವುಮುರುವು: ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ನಿಮ್ಮ 105 ಯೂನಿಟ್ 35ಕ್ಕೆ ಇಳಿಯುತ್ತದೆ. ಯಂತ್ರ ಒಳ್ಳೆಯದೇ, ಆದರೆ ಸೋಲಾರಿಗಿಂತ ಎರಡು ಮೂರು ಪಟ್ಟು ದುಡ್ಡು, ಒಳಗೆ ಕಂಪ್ರೆಸರ್, ಕೆಟ್ಟರೆ ಪ್ಲಂಬರ್ ಕೈಗೆ ಸಿಗದ ಯಂತ್ರ. ಛಾವಣಿ ಸಿಗದ ಅಪಾರ್ಟ್‌ಮೆಂಟಿನವರಿಗೆ, ತಿಂಗಳುಗಟ್ಟಲೆ ಬಿಸಿಲು ಕಾಣದ ತೀರ್ಥಹಳ್ಳಿ, ಮಡಿಕೇರಿ ಕಡೆಯವರಿಗೆ ನಾನು ಅದನ್ನೇ ಹೇಳುತ್ತೇನೆ. ಛಾವಣಿಯೂ ಬಿಸಿಲೂ ಎರಡೂ ಇರುವ ತುಮಕೂರಿನವರಿಗೆ ಹೇಳುವುದಿಲ್ಲ. ಹಾಕಿಸಿಕೊಂಡವರಿಗೆ ಒಂದು ಮಾತು: ಟೈಮರಿಟ್ಟು ಮಧ್ಯಾಹ್ನ ಓಡಿಸಿ. ಗಾಳಿ ಬಿಸಿಯಿದ್ದಷ್ಟೂ ಅದಕ್ಕೆ ಕೆಲಸ ಹಗುರ, ಬೆಳಗಿನ ಜಾವ ಓಡಿಸಿದರೆ ಲಾಭ ಕಡಿಮೆ.

ನಿಮ್ಮ ಯಜಮಾನರ ಇನ್‌ಸ್ಟಂಟ್ ಗೀಸರಿನಲ್ಲಿ ನೀರು ಉಳಿದು ಆರುವ ಸಮಸ್ಯೆ ಇಲ್ಲ, ಅಷ್ಟರಮಟ್ಟಿಗೆ ಅವರು ಹೇಳುವುದು ಸರಿ. ಆದರೆ ಮೂರು ಕಿಲೋವಾಟು ಚಳಿಗಾಲದಲ್ಲಿ ನಿಮಿಷಕ್ಕೆ ಎರಡು ಲೀಟರ್ ಮಾತ್ರ ಕೊಡುತ್ತದೆ. ಒಂದೂವರೆ ಬಕೆಟ್ಟಿಗೆ ಕಾಲು ಗಂಟೆ. ಸ್ಕೂಲ್ ಬಸ್ಸಿನ ಹೊತ್ತಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಲಿ, ವಾದ ಅಲ್ಲಿಗೇ ಮುಗಿಯುತ್ತದೆ. ಅಡುಗೆಮನೆ ಸಿಂಕಿಗೆ ಮಾತ್ರ ಅದು ಹೇಳಿ ಮಾಡಿಸಿದಂತಿದೆ. ಗ್ಯಾಸ್ ಗೀಸರ್ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ: ಕಿಟಕಿ ಮುಚ್ಚಿದ ಬಾತ್‌ರೂಮಿನೊಳಗೆ ಅದು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಸುತ್ತದೆ, ನಮ್ಮ ರಾಜ್ಯದಲ್ಲೇ ಸ್ನಾನಕ್ಕೆ ಹೋದವರು ಹಾಗೆ ಸತ್ತಿದ್ದಾರೆ. ಹಾಕುವುದಾದರೆ ಮನೆಯ ಹೊರಗೋಡೆಗೆ ಮಾತ್ರ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ರಾಡ್ ಲೆಕ್ಕದಲ್ಲಿ ಎಲ್ಲಕ್ಕಿಂತ ಉಳಿತಾಯದ್ದು, ಬೇಕಾದಷ್ಟೇ ನೀರು, ಒಂದಿಷ್ಟೂ ಪೋಲಿಲ್ಲ. ಬಿಸಿಯಾಯಿತೇ ಅಂತ ಬೆರಳದ್ದಿ ನೋಡುವ ಮನುಷ್ಯ ಸ್ವಭಾವದಿಂದಾಗಿ ಮಕ್ಕಳಿರುವ ಮನೆಗೆ ನಾನು ಅದನ್ನು ಹೇಳಲಾರೆ. ಯಾವ ಗೀಸರ್ ಇದ್ದರೂ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇದೆಯೇ ನೋಡಿಸಿ. ಹಳೆಯ ಮನೆಗಳಲ್ಲಿ ಅದು ಇರುವುದೇ ಅಪರೂಪ.

ಇನ್ನು ನಿಮ್ಮ ಮಾವನವರ ಹಂಡೆ. ಅದನ್ನು ನಗುವ ಮಾತಾಗಿ ನಾನು ತೆಗೆದುಕೊಂಡಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದವರು ಹಳ್ಳಿಯ ಒಲೆಯನ್ನೇ ಹಿಡಿದು ಕೂತು, ಸೌದೆಯ ಶಾಖದಲ್ಲಿ ಪಾತ್ರೆಗೆ ಎಷ್ಟು ಸೇರುತ್ತದೆ, ಹೊಗೆಯಲ್ಲಿ ಎಷ್ಟು ಹೋಗುತ್ತದೆ ಅಂತ ಅಳೆದವರು. ಅವರ ಪ್ರಯೋಗದ ಊರು ಉಂಗ್ರ ಇರುವುದು ನಿಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ. ಅಸ್ತ್ರ ಒಲೆಯ ಗುಟ್ಟು ಇಷ್ಟೇ: ಬೆಂಕಿಯನ್ನು ಮುಚ್ಚಿ, ಬೇಕಾದಷ್ಟೇ ಗಾಳಿ ಕೊಟ್ಟು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದು. ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿ ಹಾಕಿದರೆ ಶಾಖದ ಬಹುಪಾಲು ಹಂಡೆಯ ಪಕ್ಕದಿಂದ ಆಕಾಶಕ್ಕೆ ಹೋಗುತ್ತದೆ.

ಆದರೆ 30x40 ಸೈಟಿನ ಹಿತ್ತಲು ಅಂದರೆ ಮೂರಡಿ ಓಣಿ. ಹೊಗೆ ನೇರವಾಗಿ ಪಕ್ಕದ ಮನೆಯ ಕಿಟಕಿಗೆ. ಸೌದೆ ಕೊಂಡು ತಂದು ಉರಿಸಿದರೆ ಕರೆಂಟಿಗಿಂತ ಅಗ್ಗವೂ ಅಲ್ಲ. ನಿಮ್ಮವರ ಊರಿನ ಕಡೆ ತೋಟ ಇದ್ದರೆ ಮಾತು ಬೇರೆ. ಸೋಗೆ, ಎಡಮಟ್ಟೆ, ಕಾಯಿಮಟ್ಟೆ ಗೆದ್ದಲಿಗೆ ಹೋಗುವ ಕಡೆ ಹಂಡೆ ಒಲೆಗಿಂತ ಒಳ್ಳೆಯ ಬಿಸಿನೀರಿನ ಯಂತ್ರ ಇಲ್ಲ, ಹೊಗೆಗೊಳವೆ ಇಟ್ಟು ಕಟ್ಟಿಸಿ ಅಷ್ಟೇ. ಹಂಡೆ ತುಮಕೂರಿನ ಮನೆಯಲ್ಲೇ ಇದ್ದರೆ ಅದನ್ನು ಮಾರಬೇಡಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಅದನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು ಬಾತ್‌ರೂಮಿನಲ್ಲಿಟ್ಟು, ಸೋಲಾರಿನ ನಲ್ಲಿಯಿಂದಲೇ ತುಂಬಿಸಿ. ದಪ್ಪ ತಾಮ್ರದ ಹಂಡೆಗೆ ಮುಚ್ಚಳ ಹಾಕಿ ಗೋಣಿಚೀಲ ಹೊದಿಸಿದರೆ ಬೆಳಗಿನ ಎಣ್ಣೆಸ್ನಾನದ ಹೊತ್ತಿಗೂ ನೀರು ಹದವಾಗಿರುತ್ತದೆ.